ಸ್ಟೆಪ್ನಿಯ ಶ್ರುತಿ

ಫೋನು ಬಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಆ ಮನೆಯ ಐದೂ ಜನ ಒಂದೇ ಹೊತ್ತಿಗೆ ಒಂದೇ ಮೇಜಿನ ಸುತ್ತ ಸಿಗುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಗಾಯಕ ಎಡಗೈಯಲ್ಲಿ ಫೋನು ಹಿಡಿದು, ಅನ್ನ ಮೆತ್ತಿದ ಬಲಗೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು, "ಹೌದು ಸಾರ್", "ಖಂಡಿತ ಸಾರ್", "ಬರ್ತೀನಿ ಸಾರ್" ಎಂದು ಮೂರೇ ಮಾತಾಡಿದ. ಫೋನಿಟ್ಟ ಮೇಲೆ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತ.

"ಯಾರಂತೆ?" ಎಂದಳು ಹೆಂಡತಿ.

"ದೊಡ್ಡ ತಂಡದೋರು ಕಣೇ. ಅವರ ಹಾಡುಗಾರ ಜಗಳ ಮಾಡ್ಕೊಂಡು ಬಿಟ್ಟು ಹೋದನಂತೆ. ಅರವತ್ತು ಕಾರ್ಯಕ್ರಮ ಒಪ್ಕೊಂಡು ಕೂತಿದಾರೆ. ಮೂರು ಜನಾನ ಕರೆದು ಹಾಡಿಸಿ ನೋಡ್ತಾರಂತೆ. ಆ ಮೂವರಲ್ಲಿ ನಾನೊಬ್ಬ."

ಮೇಜಿನ ಆ ತುದಿಯಲ್ಲಿದ್ದ ಭಾಮೈದ ಬಾಯಿಗೆತ್ತಿದ ನೀರಿನ ಲೋಟವನ್ನು ಹಾಗೇ ಕೆಳಗಿಟ್ಟು ಅಕ್ಕನ ಮುಖ ನೋಡಿದ. ಅಕ್ಕ ತನ್ನ ಊಟ ನೋಡುತ್ತಿದ್ದಳು.

"ಯಾವಾಗ ಭಾವ?"

"ಇನ್ನೂ ನಾಲ್ಕು ವಾರ ಇದೆ. ಬುಧವಾರ."

"ಇಷ್ಟು ವರ್ಷ ಎಲ್ಲಿ ಮಲಗಿದ್ರಂತೆ ಅವರು?" ಎಂದಳು ಗಾಯಕನ ತಾಯಿ. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಿವಿಗಳು ಮಾತ್ರ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಬಿಡುತ್ತಿರಲಿಲ್ಲ.

"ಹತ್ತು ವರ್ಷದ ಹಿಂದೆ ನಾನು ಹಾಡಿದ್ದ ಒಂದು ರೆಕಾರ್ಡಿಂಗನ್ನ ಯಾರೋ ಕೇಳಿಸಿದ್ರಂತಮ್ಮ. ಈ ಗಂಟಲು ಎಲ್ಲಿ ಬಚ್ಚಿಟ್ಕೊಂಡಿತ್ತು ಅಂದ್ರಂತೆ."

ಅವನು ಹಾರ್ಡ್ ರಾಕ್ ಹಾಡುವವನು. ಅಕ್ಕಪಕ್ಕದವರು ಗಂಟಲು ಹರಿದುಕೊಳ್ಳುವುದು ಎಂದು ಕರೆಯುತ್ತಿದ್ದ ಕೆಲಸವನ್ನು ಇಪ್ಪತ್ತಾರು ವರ್ಷದಿಂದ ಕಸುಬಾಗಿ ಮಾಡಿಕೊಂಡು ಬಂದಿದ್ದ. ಒಂಬತ್ತು ತಂಡಗಳಲ್ಲಿ ಹಾಡಿದ್ದ. ಒಂದೂ ತಾನು ಕಟ್ಟಿದ್ದಲ್ಲ. ಒಂದು ತಂಡದ ಹಾಡುಗಾರ ಮದುವೆಯಾಗಿ ಮಾವನ ಅಂಗಡಿಯಲ್ಲಿ ಕೂತ, ಇನ್ನೊಬ್ಬ ವೇದಿಕೆಯಿಂದ ಬಿದ್ದು ಕಾಲು ಮುರಿದುಕೊಂಡ, ಮತ್ತೊಬ್ಬನಿಗೆ ಇದ್ದಕ್ಕಿದ್ದಂತೆ ದೇವರ ಮೇಲೆ ಭಕ್ತಿ ಬಂತು. ಆಗೆಲ್ಲ ಕರೆ ಬರುತ್ತಿದ್ದದ್ದು ಇವನಿಗೆ. ಬಿಟ್ಟುಹೋದವನ ಚರ್ಮದ ಜಾಕೆಟ್ಟು ಹಾಕಿಕೊಂಡು, ಬಿಟ್ಟುಹೋದವನ ಹಾಡನ್ನು, ಬಿಟ್ಟುಹೋದವನ ಹಾಗೆಯೇ ಹಾಡಬೇಕು. ಒಂದು ಜಾಕೆಟ್ಟಿನ ತೋಳು ಮೊಣಕೈ ದಾಟಿ ಕೆಳಗಿಳಿಯುತ್ತಲೇ ಇರಲಿಲ್ಲ. ಅದರಲ್ಲೇ ಎರಡು ವರ್ಷ ಹಾಡಿದ. ಪೋಸ್ಟರಿನಲ್ಲಿ ಹಳಬನದೇ ಮುಖ, ಹಳಬನದೇ ಹೆಸರು. ಹೊಸದು ಅಚ್ಚು ಹಾಕಿಸಲು ಯಾವ ತಂಡಕ್ಕೂ ಪುರುಸೊತ್ತಾಗಲಿಲ್ಲ.

ವಾದ್ಯದವರು ಅವನನ್ನು ಸ್ಟೆಪ್ನಿ, ಅಂದರೆ ಗಾಡಿಯ ಬದಲಿ ಚಕ್ರ, ಎಂದು ಕರೆಯುತ್ತಿದ್ದರು. ಹಗಲು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವನಿಗೆ ಆ ಹೆಸರಿನಿಂದ ಬೇಜಾರೇನೂ ಇರಲಿಲ್ಲ. "ಸ್ಟೆಪ್ನಿ ಇಲ್ದೆ ಯಾವನಾದ್ರೂ ಗಾಡಿ ರಸ್ತೆಗಿಳಿಸ್ತಾನೇನ್ರೋ?" ಎಂದು ತಾನೇ ನಗುತ್ತಿದ್ದ. ಆರು ವರ್ಷದಿಂದ ಹೆಂಡತಿಯ ತಮ್ಮನ ತಂಡದಲ್ಲಿದ್ದ. ಭಾಮೈದ ಗಿಟಾರ್ ನುಡಿಸುತ್ತಿದ್ದ, ಇದೇ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಿದ್ದ. ಶುಕ್ರವಾರ, ಶನಿವಾರ ಸಂಜೆ ಒಂದು ಹೋಟೆಲಿನ ಬಿಯರ್ ಹಾಲಿನಲ್ಲಿ ಹಾಡು. ಅಲ್ಲಿ ಕುಡಿಯಲು ಬರುವವರು ಕೂಗಿ ಕೇಳುತ್ತಿದ್ದದ್ದು ಆ ದೊಡ್ಡ ತಂಡದ ಹಾಡುಗಳನ್ನೇ.

"ಗ್ಯಾರೇಜಿನ ಕತೆ?" ಎಂದಳು ಮಗಳು. ಹದಿನೆಂಟು ವರ್ಷ, ಡಿಪ್ಲೊಮಾ ಓದುತ್ತಿದ್ದಳು. ಅಪ್ಪನ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಅನುಮಾನ.

"ನಾಳೆನೇ ಬಿಟ್ಟೆ. ಇಡೀ ದಿನ ಆ ಬಣ್ಣದ ಘಾಟು ಕುಡಿದ್ರೆ ಗಂಟಲು ಉಳಿಯುತ್ತಾ?"

"ಅಪ್ಪಾ, ಹಾಡಿಸಿ ನೋಡ್ತೀವಿ ಅಂದಿದಾರೆ ಅಷ್ಟೇ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀಯಲ್ಲ!"

"ಹುಟ್ಟುತ್ತೆ, ಹುಟ್ಟುತ್ತೆ. ಎರಡು ವರ್ಷದಿಂದ ನನ್ನ ಗಂಟಲು ಹೇಗಿದೆ ನಿನ್ನ ಮಾವನ್ನ ಕೇಳು. ಸಿಗರೇಟು ಬಿಟ್ಟೆ ನೋಡು, ಇಪ್ಪತ್ತರ ಹುಡುಗನ ಗಂಟಲಾಗಿದೆ. ಅಲ್ವೇನೋ?"

"ಹೌದು ಭಾವ," ಎಂದ ಭಾಮೈದ.

ಮರುದಿನ ಗಾಯಕ ಗ್ಯಾರೇಜಿಗೆ ಹೋಗಿ, ಯಜಮಾನ ಎಷ್ಟು ಹೇಳಿದರೂ ಕೇಳದೆ, ಬಣ್ಣದ ಕಲೆಯಾದ ಮೇಲಂಗಿಯನ್ನು ಮಡಚಿ ಕೊಟ್ಟು ಬಂದ. ಅದೇ ಹೊತ್ತಿಗೆ ಮನೆಯ ಮಾಳಿಗೆಯ ಮೇಲೆ ಅಕ್ಕ ತಮ್ಮ ಇಬ್ಬರೂ ಒಗೆದ ಬಟ್ಟೆ ಹರವುತ್ತ ನಿಂತಿದ್ದರು. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸ, ಆ ದಿನ ಮಧ್ಯಾಹ್ನದ ಪಾಳಿ.

"ಅಕ್ಕಾ, ಈಗಲಾದ್ರೂ ಹೇಳಿಬಿಡೋಣ."

"ನಿನ್ನೆ ಊಟದ ಹೊತ್ತಲ್ಲಿ ಬಾಯಿ ಹೊಲಿದುಕೊಂಡಿದ್ದೆಯಲ್ಲ, ಆಗ ಹೇಳಬೇಕಿತ್ತು."

"ನಾನು ಯಾಕೆ? ತಂತಿ ಇಳಿಸು ಅಂದೋಳು ನೀನು."

ಅದು ನಿಜ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಗಂಡ ಬಾಯಿ ಮುಕ್ಕಳಿಸಿ ಹೋದ ಮೇಲೆ ಬೇಸಿನ್ನಿನಲ್ಲಿ ರಕ್ತ ಕಂಡಿದ್ದಳು. "ವಸಡು ಕಣೇ" ಎಂದಿದ್ದ. ವಸಡಲ್ಲ ಎಂದು ತಿಳಿಯಲು ಡಾಕ್ಟರು ಬೇಕಾಗಿರಲಿಲ್ಲ. ಶನಿವಾರದ ಹಾಡು ಮುಗಿದ ಮೇಲೆ ಸೋಮವಾರದವರೆಗೆ ಅವನ ಮಾತೇ ಹೊರಡುತ್ತಿರಲಿಲ್ಲ. ಅವಳು ತಮ್ಮನನ್ನು ಹಿಡಿದಳು. ಗಿಟಾರಿನ ಆರೂ ತಂತಿಗಳನ್ನು ಒಂದಿಷ್ಟು ಸಡಿಲ ಮಾಡಿದರೆ ಇಡೀ ಹಾಡಿನ ಶ್ರುತಿ ಅರ್ಧ ಸ್ವರ ಇಳಿಯುತ್ತದೆ, ಹಾಡುವವನ ಗಂಟಲಿಗೆ ಅಷ್ಟು ಬಿಡುವು ಸಿಗುತ್ತದೆ. ವಯಸ್ಸಾದ ಹಾಡುಗಾರರಿಗೆ ಎಲ್ಲ ತಂಡದವರೂ ಮಾಡುವ ಉಪಾಯವೇ ಅದು. ಹಾಡುವವನಿಗೆ ಹೇಳಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಇವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಿದರೆ ತಾನು ಮುದುಕನೇ ಎಂದು ಹಾರಾಡುತ್ತಾನೆ, ಇನ್ನೂ ಎತ್ತರಕ್ಕೆ ಹಾಡಿ ತೋರಿಸುತ್ತೇನೆಂದು ಹೊರಡುತ್ತಾನೆ. ಹೇಳದೆಯೇ ಇಳಿಸಿದರು. ಆರು ತಿಂಗಳಾದ ಮೇಲೆ ಇನ್ನೂ ಅರ್ಧ ಸ್ವರ ಇಳಿಸಿದರು. ಗಾಯಕ ಗಿಟಾರ್ ಮುಟ್ಟಿದವನಲ್ಲ, ತಂತಿ ಬಿಗಿದು ಮುಗಿದ ಮೇಲೆಯೇ ವೇದಿಕೆ ಹತ್ತುವವನು. ಗಿಟಾರ್ ಎಲ್ಲಿಗೆ ಕರೆದರೆ ಅಲ್ಲಿಗೆ ಅವನ ಸ್ವರ ಹೋಗುತ್ತಿತ್ತು. ರಕ್ತ ನಿಂತಿತು. ಅವನು ಅದನ್ನು ಸಿಗರೇಟಿನ ಲೆಕ್ಕಕ್ಕೆ ಹಾಕಿದ.

"ದೊಡ್ಡ ತಂಡದೋರು ಶ್ರುತಿ ಇಳಿಸಲ್ವಾ?" ಎಂದಳು ಅಕ್ಕ, ಒದ್ದೆ ಬಟ್ಟೆ ಕೊಡವುತ್ತ.

"ಅವರು ಯಾಕೆ ಇಳಿಸ್ತಾರೆ?"

"ಹಾಗಾದ್ರೆ?"

ಭಾಮೈದ ಸ್ವಲ್ಪ ಹೊತ್ತು ಕ್ಲಿಪ್ಪುಗಳನ್ನು ಆಡಿಸುತ್ತ ನಿಂತ. "ಒಂದು ಕೆಲಸ ಮಾಡ್ತೀನಿ. ದಿನಾ ಕೂದಲೆಳೆಯಷ್ಟು ಏರಿಸ್ಕೊಂಡು ಹೋಗ್ತೀನಿ. ನಾಲ್ಕು ವಾರದಲ್ಲಿ ಮೊದಲಿನ ಜಾಗಕ್ಕೆ ತಂದು ನಿಲ್ಲಿಸ್ತೀನಿ. ಗೊತ್ತಾಗದ ಹಾಗೆ ಇಳಿದೋರು ಗೊತ್ತಾಗದ ಹಾಗೆ ಹತ್ತಬಹುದಲ್ವಾ?"

ಹೆಂಡತಿಗೆ ಅದು ಸರಿ ಅನ್ನಿಸಿತು. ಸರಿ ಅನ್ನಿಸಬೇಕಾಗಿತ್ತು, ಯಾಕೆಂದರೆ ಬೇರೆ ದಾರಿ ಎಂದರೆ ಗಂಡನ ಮುಂದೆ ನಿಂತು ಬಾಯಿ ಬಿಡುವುದು. ಅವಳು ಕೆಲಸಕ್ಕೆ ಹೊರಟಳು.

ಮಗಳಿಗೆ ತಿಳಿದದ್ದು ಆ ವಾರದ ಕೊನೆಯಲ್ಲಿ. ದೊಡ್ಡ ತಂಡದವರು ಅಭ್ಯಾಸಕ್ಕೆಂದು ನಾಲ್ಕು ಹಾಡುಗಳನ್ನು ಕಳಿಸಿದ್ದರು. ಗಾಯಕ ಅವನ್ನು ಕೇಳಲೇ ಇಲ್ಲ. "ಆ ಹಾಡುಗಳನ್ನ ಅವರಿಗಿಂತ ಹೆಚ್ಚು ಸಲ ಹಾಡಿದೋನು ನಾನು. ನನಗೇ ಪಾಠಾನಾ?" ಎಂದು ಮಗಳ ಫೋನಿಗೆ ದಾಟಿಸಿದ್ದ. ಭಾನುವಾರ ಬೆಳಗ್ಗೆ ಅವನು ಮುಂದಿನ ಕೋಣೆಯಲ್ಲಿ ಗಿಟಾರಿನ ಜೊತೆ ಹಾಡುತ್ತಿದ್ದಾಗ ಅಡುಗೆಮನೆಯಲ್ಲಿ ಅವಳು ಈರುಳ್ಳಿ ಹೆಚ್ಚುತ್ತ ಅದೇ ಹಾಡನ್ನು ಫೋನಿನಲ್ಲಿ ಹಾಕಿದಳು. ಎರಡೂ ಒಂದಕ್ಕೊಂದು ಕಚ್ಚಾಡಿದವು. ಅವಳು ಫೋನು ನಿಲ್ಲಿಸಿದಳು, ಮತ್ತೆ ಹಾಕಿದಳು, ಮತ್ತೆ ನಿಲ್ಲಿಸಿದಳು.

"ಏನೇ ಅದು, ಹಲ್ಲು ಜುಮ್ ಅನ್ನೋ ಹಾಗಿದೆ," ಎಂದಳು ಅಜ್ಜಿ.

ಅಡುಗೆಮನೆಯ ಸ್ಟ್ಯಾಂಡಿನ ಮೇಲುಗಡೆಯ ಸಾಲಿನಲ್ಲಿ ಒಂದು ದೊಡ್ಡ ಸ್ಟೀಲಿನ ತಟ್ಟೆ ನಿಂತಿತ್ತು. ಗಾಯಕ ಇಪ್ಪತ್ತೆರಡರ ಹುಡುಗನಾಗಿದ್ದಾಗ ಕಾರ್ಖಾನೆಯ ಕೆಲಸಗಾರರ ಹಾಡಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನವಾಗಿ ಗೆದ್ದದ್ದು. ನಡುವೆ ಅವನ ಹೆಸರು ಕೊರೆದಿತ್ತು. ಅವನ ಹೆಸರು ಬರೆದಿದ್ದ ವಸ್ತು ಈ ಲೋಕದಲ್ಲಿ ಅದೊಂದೇ ಆದ್ದರಿಂದ ಅದರಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅವನು ಮನೆಯಲ್ಲಿ ಹಾಡಿ ಒಂದು ಎತ್ತರದ ಸ್ವರವನ್ನು ಒಂಚೂರೂ ಕೆಳಗಿಳಿಯದೆ ಸರಿಯಾಗಿ ಮುಟ್ಟಿದಾಗಲೆಲ್ಲ ಆ ತಟ್ಟೆ ತಾನಾಗಿ ಗುಂಯ್ ಎಂದು ಕೂಗುತ್ತಿತ್ತು. ಮುದುಕಿಗೆ ಅದು ಮಗನ ಹಾಡಿಗಿಂತ ಇಷ್ಟ. ಹಾಡು ಅವಳಿಗೆ ಅರ್ಥವಾಗುತ್ತಿರಲಿಲ್ಲ.

"ಆ ತಟ್ಟೆ ಬಾಯಿ ಬಿಟ್ಟು ಎಷ್ಟು ಕಾಲ ಆಯ್ತೋ," ಎಂದಳು ಆ ದಿನ ಊಟಕ್ಕೆ ಕೂತಾಗ.

"ಹೊಸ ಸ್ಟ್ಯಾಂಡು ತಂದ್ವಲ್ಲಮ್ಮ, ಬಿಗಿಯಾಗಿ ಹಿಡ್ಕೊಂಡಿದೆ. ಅದಕ್ಕೇ," ಎಂದ ಮಗ.

ಮಗಳು ಮಾವನನ್ನು ನೋಡಿದಳು. ಮಾವ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ, ಸುಲಿದದ್ದನ್ನೇ ಸುಲಿಯುತ್ತಿದ್ದ. ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಅವಳು ಅಮ್ಮನನ್ನು ಕೇಳಿಯೇಬಿಟ್ಟಳು, ಅಮ್ಮ ಪಿಸುಮಾತಿನಲ್ಲಿ ಎಲ್ಲ ಹೇಳಿದಳು.

"ಅಮ್ಮಾ, ನೀವೆಲ್ಲ ಮನುಷ್ಯರಾ? ಅಪ್ಪ ಕೆಲಸ ಬಿಟ್ಟು ಬಂದು ಕೂತಿದಾರೆ!"

"ಮೆಲ್ಲಗೆ ಮಾತಾಡೇ. ನಿನ್ನ ಮಾವ ಏರಿಸ್ತಾ ಇದಾನೆ."

"ಮಾವ ಏರಿಸಿದ್ರೆ ಗಂಟಲು ಏರಬೇಕಲ್ಲ! ಇವತ್ತು ಹೇಳ್ತೀಯೋ, ಇಲ್ಲ ನಾನೇ ಹೇಳ್ಲೋ?"

"ಹೇಳು, ಹೋಗಿ ಹೇಳು. ನಿಮ್ಮಪ್ಪ ನಾಲ್ಕು ದಿನದಿಂದ ಕನ್ನಡಿ ಮುಂದೆ ಕೂದಲು ಬಾಚ್ಕೊಳ್ತಿದಾರೆ. ಹೋಗಿ ಹೇಳು ಅವರಿಗೆ."

ಮಗಳು ಮುಂದಿನ ಕೋಣೆಯ ಬಾಗಿಲವರೆಗೆ ಹೋದಳು. ಅಪ್ಪ ಹಳೇ ಬೂಟಿಗೆ ಪಾಲಿಶ್ ಹಚ್ಚುತ್ತ, "ನಿನ್ನ ಕಾಲೇಜಿನೋರಿಗೆ ಹೇಳಿದ್ಯಾ, ನಿಮ್ಮಪ್ಪ ಯಾವ ತಂಡಕ್ಕೆ ಹೋಗ್ತಿದಾನೆ ಅಂತ?" ಎಂದ. ಅವಳು "ಇನ್ನೂ ಇಲ್ಲ" ಎಂದು ಹಿಂದಿರುಗಿದಳು. ಬೆಕ್ಕಿಗೆ ಗಂಟೆ ಕಟ್ಟುವ ಮಾತು ಇಲಿಗಳಿಗೆ ಮಾತ್ರವಲ್ಲ, ಮಕ್ಕಳಿಗೂ ಕಷ್ಟ.

ಎರಡನೆಯ ವಾರ ಗಾಯಕ ಹಾಡಿನ ನಡುವೆ ಕೆಮ್ಮತೊಡಗಿದ. ಮೂರನೆಯ ವಾರ ಸ್ವರ ಒಡೆಯತೊಡಗಿತು. ಭಾಮೈದ ದಿನಕ್ಕಿಷ್ಟು ಎಂದು ತಂತಿ ಬಿಗಿಯುತ್ತ ಹೋದ ಹಾಗೆ ಮನೆಯೂ ಬಿಗಿಯುತ್ತ ಹೋಯಿತು. ಮೊದಲು ಮೆಣಸಿನಕಾಯಿಯ ಘಾಟು ತಪ್ಪು ಎಂದಾಯಿತು; ಮನೆಯವರೆಲ್ಲ ಸಪ್ಪೆ ಬೇಳೆ, ಸಪ್ಪೆ ಪಲ್ಯ ತಿಂದರು. ಆಮೇಲೆ ಫ್ಯಾನಿನ ಗಾಳಿ ತಪ್ಪು. ಆಮೇಲೆ ಮಗಳ ಪೌಡರಿನ ವಾಸನೆ. ಹೆಂಡತಿ ಆಸ್ಪತ್ರೆಯಿಂದ ಬರುವಾಗ ಮೈಗಂಟಿಕೊಂಡು ಬರುವ ಔಷಧದ ನಾತ.

"ಬಾಗಿಲ ಹೊರಗೇ ಬಟ್ಟೆ ಬದಲಾಯಿಸ್ಕೊಂಡು ಬಾ ಅಂದಿದ್ದೆ ತಾನೇ?"

"ಬೀದಿಯಲ್ಲಿ ನಿಂತು ಬಿಚ್ಚಲೇನ್ರೀ?"

"ನನ್ನ ಜೀವಮಾನದಲ್ಲಿ ಒಂದು ಸಲ ಬಂದಿದೆ ಕಣೇ. ಒಂದೇ ಒಂದು ಸಲ. ಈ ಮನೆಯಲ್ಲಿ ಒಬ್ರಿಗಾದ್ರೂ ಅದು ಗೊತ್ತಿದೆಯಾ?"

"ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ," ಎಂದು ಮಗಳು ಬಾಯಿತಪ್ಪಿ ಅಂದುಬಿಟ್ಟಳು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಗಾಯಕ ಮುಂದಿದ್ದ ಬಟ್ಟಲನ್ನು ಗೋಡೆಗೆ ಎಸೆದ. ಯಾರಿಗೂ ತಗುಲಲಿಲ್ಲ. ಗೋಡೆಯ ಮೇಲಿಂದ ಬೇಳೆ ಇಳಿಯುವುದನ್ನು ಎಲ್ಲರೂ ನೋಡುತ್ತ ಕೂತರು. ಆಮೇಲೆ ಅವನೇ ಎದ್ದು ಬಟ್ಟೆ ತಂದು ಒರೆಸಿದ. ಒರೆಸುತ್ತಾ, "ಏನೋ ಆಗ್ತಿದೆ ನನಗೆ. ಹೋದ ತಿಂಗಳು ಎಷ್ಟು ಚೆನ್ನಾಗಿತ್ತು. ಏನಾಗ್ತಿದೆ ಅಂತಾನೇ ಗೊತ್ತಾಗ್ತಿಲ್ಲ," ಎಂದ. ಹೆಂಡತಿ ಉರುಳಿಹೋಗಿದ್ದ ಬಟ್ಟಲನ್ನು ಎತ್ತಿಟ್ಟಳು. ಆಗಲೂ ಅವಳು ಹೇಳಲಿಲ್ಲ.

"ನಿಲ್ಲಿಸು," ಎಂದಳು ತಮ್ಮನಿಗೆ ಮರುದಿನ, ಮಾಳಿಗೆಯ ಮೇಲೆ. "ಮತ್ತೆ ರಕ್ತ ಬಂದ್ರೆ?"

"ಈಗ ನಿಲ್ಲಿಸಿದ್ರೆ ಅಲ್ಲಿ ಹೋಗಿ ಏನು ಹಾಡ್ತಾರೆ? ಅತ್ತ ದರಿ ಇತ್ತ ಪುಲಿ ಅಕ್ಕ. ಇನ್ನು ಎರಡು ದಿನ, ಪೂರ್ತಿ ಏರುತ್ತೆ."

ಪೂರ್ತಿ ಏರಿದ್ದು ಕೊನೆಯ ಭಾನುವಾರ. ಬುಧವಾರಕ್ಕೆ ಮೂರೇ ದಿನ. ಬೆಳಗಿನ ತಿಂಡಿಗೆ ಬ್ರೆಡ್ಡು, ಚಹಾ ಆಗಿತ್ತು. ಹೆಂಡತಿ ಅಕ್ಕಿ ಆರಿಸುತ್ತಿದ್ದಳು, ಮುದುಕಿ ಸ್ಟ್ಯಾಂಡಿನ ಕೆಳಗೆ ಗೋಡೆಗೊರಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಗಾಯಕ ಹಾಡಿನ ತುದಿಗೆ ಬಂದು, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಆ ಸ್ವರಕ್ಕೆ ಹಾರಿದ. ಸ್ವರ ಹರಿದ ಬಟ್ಟೆಯ ಹಾಗೆ ಎರಡು ಸೀಳಾಯಿತು. ಆದರೂ ಸಿಕ್ಕಿತು.

ತಟ್ಟೆ ಗುಂಯ್ ಎಂದಿತು.

"ತಟ್ಟೆ ಕೂಗ್ತು!" ಮುದುಕಿ ಚಿಕ್ಕ ಮಗುವಿನಂತೆ ಕಿರುಚಿದಳು. "ಕೇಳಿಸ್ತೇನೋ? ಎರಡು ವರ್ಷ ಆದಮೇಲೆ ಕೂಗ್ತು ಕಣೋ!"

ಗಾಯಕ ನಗುತ್ತಲೇ ಅಡುಗೆಮನೆಗೆ ಬಂದ. ಬರಬರುತ್ತ ನಗು ನಿಂತಿತು. "ಇಷ್ಟು ಕೆಟ್ಟದಾಗಿ ಒಡೆದಾಗ ಕೂಗ್ತಾ?" ಎಂದ. ತಟ್ಟೆಯ ಅಂಚಿಗೆ ಎರಡು ಬೆರಳು ಇಟ್ಟ. "ಲೋ, ಇನ್ನೊಂದು ಸಲ ಬಾರಿಸು."

ಭಾಮೈದ ಬಾರಿಸಿದ. ಇವನು ಹಾಡಿದ. ಮತ್ತೆ ಒಡೆಯಿತು, ಬೆರಳ ಕೆಳಗೆ ತಟ್ಟೆ ಮತ್ತೆ ನಡುಗಿತು.

"ಗಿಟಾರ್ ಇಲ್ಲಿ ತಗೊಂಡು ಬಾ."

ಭಾಮೈದ ಬಂದು ಬಾಗಿಲಲ್ಲಿ ನಿಂತ.

"ಹೋದ ತಿಂಗಳು ಹೇಗೆ ಕಟ್ಟಿದ್ದೆಯೋ ಹಾಗೆ ಕಟ್ಟು ಈಗ."

"ಭಾವ..."

"ಕಟ್ಟು."

ಭಾಮೈದ ಒಂದೊಂದಾಗಿ ಆರು ತಂತಿಗಳನ್ನೂ ಸಡಿಲಿಸಿದ. ತುಂಬಾ ಹೊತ್ತೇ ಹಿಡಿಯಿತು. ಮತ್ತೆ ಬಾರಿಸಿದ. ಗಾಯಕ ಅದೇ ಸಾಲು ಹಾಡಿದ. ತುಂಬುಕಂಠ, ಎಲ್ಲೂ ಒಂದು ಬಿರುಕಿಲ್ಲ, ಕಿಟಕಿಯ ಹೊರಗೆ ಹೋಗುತ್ತಿದ್ದವನೊಬ್ಬ ನಿಂತು ನೋಡಿದ. ತಟ್ಟೆ ಮಾತ್ರ ಕಲ್ಲಿನ ಹಾಗೆ ತೆಪ್ಪಗೆ ನಿಂತಿತ್ತು.

"ಎಷ್ಟು ದಿನದಿಂದ?"

"ಎರಡು ವರ್ಷ," ಎಂದಳು ಹೆಂಡತಿ. ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. "ಅವನನ್ನ ಬೈಬೇಡಿ. ನಾನೇ ಹೇಳಿ ಮಾಡಿಸಿದ್ದು."

"ಬಾಸ್ ಗಿಟಾರ್ ನುಡಿಸೋನಿಗೆ ಗೊತ್ತಾ?"

"ಗೊತ್ತು ಭಾವ. ಅವನೂ ಇಳಿಸಬೇಕಲ್ಲ."

"ಡ್ರಮ್ಮಿನೋನಿಗೆ?"

"ಗೊತ್ತು."

"ಇವಳಿಗೆ?"

"ಮೂರು ವಾರದಿಂದ," ಎಂದಳು ಮಗಳು. ಅವಳು ಆಗಲೇ ಅಳುತ್ತಿದ್ದಳು.

"ಹೋಟೆಲಲ್ಲಿ ಬಿಯರ್ ತಂದುಕೊಡ್ತಾನಲ್ಲ, ಅವನಿಗೆ?"

ಭಾಮೈದ ತಲೆ ತಗ್ಗಿಸಿ ಗಿಟಾರಿನ ಪಟ್ಟಿ ಬಿಚ್ಚತೊಡಗಿದ.

"ನಾನೊಬ್ಬನೇ, ಹಾಗಾದ್ರೆ. ಇಪ್ಪತ್ತರ ಹುಡುಗನ ಗಂಟಲು ಅಂತ ಊರೆಲ್ಲ ಕೊಚ್ಕೊಂಡು ಬಂದೆ. ನೀವೆಲ್ಲ ಹೌದು ಹೌದು ಅಂದ್ರಿ."

"ಬೇಸಿನ್ನಲ್ಲಿ ರಕ್ತ ನೋಡಿದೋಳು ನಾನು ರೀ. ಹೇಳಿದ್ರೆ ನೀವು ಕೇಳ್ತಿದ್ರಾ? ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ನಿಮ್ಮ ಕೈಲಿ ಯಾರು ಒದೆಸ್ಕೊಳ್ತಾರೆ?"

"ಆಯ್ತು. ಅವತ್ತು ಹೇಳಲಿಲ್ಲ, ಬಿಡು. ಗ್ಯಾರೇಜು ಬಿಡ್ತೀನಿ ಅಂದೆನಲ್ಲ, ಇದೇ ಮೇಜಿನ ಮುಂದೆ ಕೂತು ಅಂದೆನಲ್ಲ. ಅವತ್ತಾದ್ರೂ ಹೇಳಬಾರದಿತ್ತೇನೇ?"

ಹೆಂಡತಿ ಮೊರವನ್ನು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಬೆಳ್ಳುಳ್ಳಿ ಬಿಡಿಸುತ್ತಿದ್ದ ಮುದುಕಿಯ ಕೈ ನಿಂತುಹೋಗಿತ್ತು. "ನಾನು ಸುಮ್ಮನಿರಬೇಕಿತ್ತು," ಎಂದು ಅವಳು ಗೊಣಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ಬುಧವಾರ ಅವನು ಹೋದ. ಹೋಗಬೇಡಿ ಎಂದು ಹೆಂಡತಿ ಹೇಳಿದಳು. ಒಪ್ಪಿಕೊಂಡು ಹೋಗದಿರುವುದು ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಮಾಡಿಲ್ಲ ಎಂದ. ಜೊತೆಗೆ ಮಗಳು ಬಂದಳು. ಬಸ್ಸಿನಲ್ಲಿ ಅವನು ಕಿವಿಗೆ ಅವಳ ಫೋನಿನ ತಂತಿ ಸಿಕ್ಕಿಸಿಕೊಂಡು ಆ ನಾಲ್ಕು ಹಾಡುಗಳನ್ನು ಮೊದಲ ಸಲ ಕೇಳಿದ.

ಅಭ್ಯಾಸದ ಕೋಣೆ ಒಂದು ಗೋದಾಮಿನ ಮಹಡಿಯಲ್ಲಿತ್ತು. ಗೋಡೆಗೆಲ್ಲ ಸ್ಪಂಜು ಹೊಡೆದಿದ್ದರು. ದೊಡ್ಡ ತಂಡದವರು ಬಹಳ ಮರ್ಯಾದಸ್ಥರು. ಎದ್ದು ನಿಂತು ಕೈ ಕುಲುಕಿದರು, ಮಗಳಿಗೆ ಕುರ್ಚಿ ಹಾಕಿದರು. ಮುಖ್ಯ ಗಿಟಾರಿನವನು ಮಾತ್ರ ಒಮ್ಮೆ ಅವನ ನರೆತ ಕೂದಲನ್ನೂ ಒಮ್ಮೆ ಕೈಯಲ್ಲಿದ್ದ ಕಾಗದವನ್ನೂ ನೋಡಿದ. ರೆಕಾರ್ಡಿಂಗಿನ ಮೇಲೆ ತಾರೀಖು ಬರೆದಿರಲಿಲ್ಲ ಎಂದು ಕಾಣುತ್ತದೆ.

"ಒಂದು ಮಾತು ಸಾರ್," ಎಂದ ಗಾಯಕ. "ಒಂದು ಸ್ವರ ಇಳಿಸಿದ್ರೆ ಚೆನ್ನಾಗಿ ಹಾಡ್ತೀನಿ. ಅರ್ಧ ಇಳಿಸಿದ್ರೂ ಸಾಕು."

ತನಗಾಗಿ ಶ್ರುತಿ ಇಳಿಸಿ ಎಂದು ಅವನು ಜೀವನದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಮಗಳು ನೆಲ ನೋಡಿದಳು.

"ಆಗಲ್ಲ ಸಾರ್," ಎಂದ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹುಡುಗ. "ಕೀಬೋರ್ಡು, ಕೋರಸ್ಸು, ಲೈಟು ಎಲ್ಲ ಇದರಲ್ಲಿ ಮೊದಲೇ ಕೂಡಿಸಿಟ್ಟಿದೆ. ಒಂದು ಅಲ್ಲಾಡಿಸಿದ್ರೆ ಎಲ್ಲ ಅಲ್ಲಾಡುತ್ತೆ."

ಅವನು ಹಾಡಿದ. ಮೊದಲ ಹಾಡಿನ ಎರಡು ಚರಣ ಚೆನ್ನಾಗಿಯೇ ಬಂತು. ಗಿಟಾರಿನವನು ತಲೆ ಎತ್ತಿ ನೋಡುವಷ್ಟು ಚೆನ್ನಾಗಿ ಬಂತು. ತುದಿಯ ಸಾಲಿಗೆ ಬಂದಾಗ ಅವನೇ ಕೈ ಎತ್ತಿ ನಿಲ್ಲಿಸಿದ. "ಇದರ ಮುಂದಿನದು ನನಗೆ ಬರಲ್ಲ ಸಾರ್," ಎಂದ. ಅವರು ಚಹಾ ತರಿಸಿದರು. ಸಕ್ಕರೆ ಜಾಸ್ತಿಯಾಗಿದ್ದ ಆ ಚಹಾವನ್ನು ಅವನು ಪೂರ್ತಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಬಂದ.

ಗ್ಯಾರೇಜಿನಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದ. ಯಜಮಾನ ಕೆಟ್ಟವನಲ್ಲ. "ಬಣ್ಣ ಹೊಡೆಯೋ ಕೆಲಸ ಇಲ್ಲಪ್ಪ. ಹಳೇ ಬಣ್ಣ ಉಜ್ಜೋ ಕೆಲಸ ಇದೆ, ಬೇಕಾದ್ರೆ ಮಾಡು," ಎಂದ. ಇಪ್ಪತ್ತು ವರ್ಷ ಬಣ್ಣ ಹೊಡೆದವನು ಉಪ್ಪುಕಾಗದ ಹಿಡಿದು ಕಾರಿನ ಬಾಗಿಲು ಉಜ್ಜಲು ಕೂತ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಬಂದವನು ಸ್ನಾನ ಮಾಡಿ, ಉಂಡು, ಮಲಗುತ್ತಿದ್ದ. ಯಾರನ್ನೂ ಬೈಯುತ್ತಿರಲಿಲ್ಲ. ಬೈದಿದ್ದರೆ ಮೇಲಿತ್ತು ಎಂದು ಹೆಂಡತಿಗೆ ಅನ್ನಿಸುತ್ತಿತ್ತು. ಮೆಣಸಿನಕಾಯಿ ಹುರಿದರೂ ಒಂದು ಮಾತಿಲ್ಲ.

ಹೋಟೆಲಿಗೆ ಅವನು ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ಊಟದ ಹೊತ್ತಿನಲ್ಲಿ ಭಾಮೈದ ಗಂಟಲು ಸರಿಮಾಡಿಕೊಂಡ.

"ಭಾವ, ಹೋಟೆಲಿನೋರು ಇನ್ನು ಕಾಯಲ್ಲ ಅಂದ್ರು. ಒಬ್ಬ ಹುಡುಗ ಸಿಕ್ಕಿದಾನೆ. ಇಪ್ಪತ್ತನಾಲ್ಕು ವರ್ಷ. ಈ ಶುಕ್ರವಾರದಿಂದ..." ಅವನಿಗೆ ಮುಂದಿನದನ್ನು ಹೇಳುವುದು ಕಷ್ಟವಾಯಿತು. "ಜಾಕೆಟ್ಟು ಬೇಕಂತೆ."

"ಬೀರುವಿನ ಪಕ್ಕ ಮೊಳೆಗೆ ನೇತುಹಾಕಿದೆ, ತಗೊಂಡು ಹೋಗು." ಗಾಯಕ ಅನ್ನಕ್ಕೆ ಬೇಳೆ ಕಲಸಿದ. "ತಂತಿ ಏರಿಸಿದ್ಯಾ?"

"ಏರಿಸಿದೆ."

"ಒಳ್ಳೇದು. ಆ ಹಾಡು ಅಲ್ಲೇ ಚೆನ್ನ."

ಭಾಮೈದ ಅನ್ನ ಬಿಟ್ಟು ಎದ್ದುಹೋದ. ತಿಂಗಳು ಮುಗಿಯುವ ಮೊದಲೇ ಮುಂದಿನ ಕೋಣೆ ಖಾಲಿ ಮಾಡಿ ಬಾಸ್ ನುಡಿಸುವವನ ಮನೆ ಸೇರಿಕೊಂಡ. ಹೊರಡುವಾಗ ಅಕ್ಕ ಬಾಗಿಲವರೆಗೆ ಬರಲಿಲ್ಲ, ಭಾವ ಬಂದು ಗಿಟಾರಿನ ಪೆಟ್ಟಿಗೆ ಎತ್ತಿ ಆಟೋದಲ್ಲಿ ಇಟ್ಟ.

ಹಾಡಿಲ್ಲದ ಮನೆಯಲ್ಲಿ ಹೆಚ್ಚು ಒದ್ದಾಡಿದವಳು ಮುದುಕಿ. ಅವಳಿಗೆ ಎಲ್ಲ ಗೊತ್ತಿತ್ತು. ಆ ಗೋಡೆಗಳ ನಡುವೆ ಆಡಿದ ಒಂದು ಮಾತೂ ಅವಳ ಕಿವಿ ತಪ್ಪಿರಲಿಲ್ಲ. ಆದರೂ ದಿನಕ್ಕೊಮ್ಮೆ, "ಆ ದೊಡ್ಡ ತಂಡದೋರು ಏನಾದ್ರೂ ತಿಳಿಸಿದ್ರೇನಪ್ಪ?" ಎಂದು ಕೇಳುತ್ತಿದ್ದಳು. "ತಿಳಿಸ್ತಾರಂತಮ್ಮ," ಎನ್ನುತ್ತಿದ್ದ ಮಗ.

ಒಂದು ಭಾನುವಾರ ಬೆಳಗ್ಗೆ ಅವಳು ಸ್ಟ್ಯಾಂಡಿನ ಕೆಳಗೆ ತನ್ನ ಜಾಗದಲ್ಲಿ ಕೂತು ಅವರೆಕಾಳು ಬಿಡಿಸುತ್ತ, "ಒಂದು ಸಲ ಹಾಡೋ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಬೈತಿದ್ದೆ ನಿನ್ನ. ಈಗ ಅದೂ ಇಲ್ಲ. ಮನೆ ಬಿಕೋ ಅನ್ನುತ್ತೆ," ಎಂದಳು.

ಅವನು ಚಹಾದ ಲೋಟ ಹಿಡಿದು ಅಡುಗೆಮನೆಗೆ ಬಂದಿದ್ದ. ಒಂದು ಗುಟುಕು ಕುಡಿದ. ಆಮೇಲೆ ಗಿಟಾರಿಲ್ಲದೆ, ಬಾಯಿಯಲ್ಲೇ, ಗಂಟಲಿಗೆ ಒಗ್ಗಿದ ಶ್ರುತಿಯಲ್ಲಿ ಆ ಹಾಡು ಎತ್ತಿಕೊಂಡ. ಹಿತ್ತಲ ಬಾಗಿಲಲ್ಲಿ ಬಕೆಟ್ಟು ಹಿಡಿದು ಬರುತ್ತಿದ್ದ ಹೆಂಡತಿ ಅಲ್ಲೇ ನಿಂತಳು. ಹಾಡು ತುದಿಗೆ ಬಂತು. ಅವನು ಎತ್ತರಕ್ಕೆ ಹೋಗಲಿಲ್ಲ. ತನಗೆ ಬರುವ ಎತ್ತರದಲ್ಲೇ ಗಟ್ಟಿಯಾಗಿ ಕೂಗಿ, ಕೈ ಮೇಲೆ ಚಾಚಿ, ಹೆಬ್ಬೆರಳ ಉಗುರಿನಿಂದ ತಟ್ಟೆಯ ಅಂಚನ್ನು ಮೆಲ್ಲಗೆ ಮೀಟಿದ. ತಟ್ಟೆ ಗುಂಯ್ ಎಂದಿತು.

"ಬಂತು!" ಎಂದಳು ಮುದುಕಿ ಮುಖ ಅರಳಿಸಿ. "ಕೂಗ್ತು ನೋಡು!"

"ಕೂಗ್ತಮ್ಮ," ಎಂದ ಮಗ. ಲೋಟ ಇಟ್ಟು ಹೊರಗೆ ಹೋದ.

ಅವನ ಚಪ್ಪಲಿಯ ಸದ್ದು ಬೀದಿ ಸೇರುವವರೆಗೆ ಮುದುಕಿ ಕಾದಳು. ಮುಖದ ಮೇಲಿನ ನಗುವನ್ನು ಸೆರಗಿನಿಂದ ಒರೆಸಿಕೊಂಡಳು.

"ಬಾಗಿಲಲ್ಲಿ ನಿಂತಿದೀಯಲ್ಲ, ನೋಡಿದ್ಯಾ?"

"ನೋಡಿದೆ ಅತ್ತೆ."

"ತಟ್ಟೆ ತಾನಾಗಿ ಕೂಗೋದು ಯಾವುದು, ಹೊಡೆಸ್ಕೊಂಡು ಕೂಗೋದು ಯಾವುದು, ನನಗೆ ಗೊತ್ತಾಗಲ್ವೇನೇ? ಪಾಪ, ನನಗೋಸ್ಕರ ಉಗುರಲ್ಲಿ ಹೊಡೆದ." ಅವಳು ಕಾಳಿನ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದಳು. "ನನಗೆ ಗೊತ್ತಾಯ್ತು ಅಂತ ಅವನಿಗೆ ಹೇಳಬೇಡ."

"ಹೇಳಲ್ಲ."

"ಆ ತಟ್ಟೆ ಅಲ್ಲಿಂದ ತೆಗೆ. ಇನ್ಮೇಲೆ ನನ್ನ ಊಟಕ್ಕೆ ಅದೇ ಇರಲಿ."

ಹೆಂಡತಿ ಸ್ಟೂಲು ಹಾಕಿಕೊಂಡು ತಟ್ಟೆ ಇಳಿಸಿದಳು. ಇಪ್ಪತ್ತಾರು ವರ್ಷದ ಧೂಳು ಕೊರೆದ ಅಕ್ಷರಗಳ ಸಂದಿಯಲ್ಲಿ ಕೂತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅತ್ತೆಯ ಮುಂದೆ ಅದನ್ನೇ ಇಟ್ಟು ಅನ್ನ ಬಡಿಸಿದಳು. ಮಗಳು ಅಪ್ಪನ ಮುಖ ನೋಡಿದಳು. ಗಾಯಕ ತಟ್ಟೆ ನೋಡಿದ, ತಾಯಿಯನ್ನು ನೋಡಿದ. ಮುದುಕಿ ಅನ್ನದ ಅಡಿಗೆ ಬೆರಳು ಹಾಕಿ ಅಕ್ಷರಗಳನ್ನು ಒಂದೊಂದಾಗಿ ತಡವುತ್ತ ಕೂತಿದ್ದಳು, ತುತ್ತು ಮಾತ್ರ ಎತ್ತುತ್ತಿರಲಿಲ್ಲ.

"ಬರೀ ಅನ್ನ ಇದೆ ನೋಡೇ," ಎಂದ ಅವನು ಹೆಂಡತಿಗೆ. "ಅಮ್ಮನಿಗೆ ಬೇಳೆ ಹಾಕು."